ಬೇವಿನ ಮರಕ್ಕೆ ಇಟ್ಟ ಕಾವಲು

ಮಕ್ಕಳಿಗೆ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಆದರೂ ಮರದ ವಿಷಯಕ್ಕೆ ಕೈ ಹಾಕಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಮೊದಲು ನಗು ಬರುತ್ತಿತ್ತು, ಆಮೇಲೆ ಬೇಜಾರು. ಈಚೆಗೆ ಬೇಜಾರೇ ಮೊದಲು ಬರುತ್ತದೆ.

ಹಂಚಿದ ಸಸಿ

ಅರಸೀಕೆರೆಯ ನಮ್ಮ ಬೀದಿ ಬೇಸಿಗೆಯಲ್ಲಿ ಕಾದ ಹೆಂಚು. ಬಿಸಿಲು ವರ್ಷವರ್ಷಕ್ಕೂ ಏರುತ್ತಿದೆ, ಮನೆ ಮುಂದೆ ಒಂದು ಮರವಿದ್ದರೆ ಗೋಡೆಯಾದರೂ ತಣ್ಣಗಿದ್ದೀತು ಎಂದು ಮನೆಮನೆಗೂ ಬೇವಿನ ಸಸಿ ಹಂಚಿದೆ. ಎದುರು ಮನೆಯ ಕೊಬ್ಬರಿ ಸಾಹುಕಾರರು ಸಸಿಯನ್ನು ತಿರುಗಿಸಿ ನೋಡಿದರು.

“ಮೇಷ್ಟ್ರೇ, ಇದ್ರಲ್ಲಿ ಏನ್ ಬತ್ತೈತೆ?”

“ನೆರಳು.”

“ಅದನ್ನ ಮಂಡಿಗೆ ಹಾಕಿದ್ರೆ ಯಾರು ತಗೋತಾರೆ?”

ಸಸಿ ವಾಪಸ್ ಬಂತು. ಬೀದಿಯಲ್ಲಿ ಉಳಿದು ಬೆಳೆದದ್ದು ನಮ್ಮ ಮನೆ ಮುಂದಿನದೊಂದೇ.

ಸಾಹುಕಾರರ ಕಾರು

ಅವರು ನೆಟ್ಟಿದ್ದು ತೆಂಗು. ಅದು ಫಲಕ್ಕೆ ಬಂದು, ಮೊದಲ ಕಾಯಿ ಅವರದೇ ಕಾರಿನ ಗಾಜಿನ ಮೇಲೆ ಬಿತ್ತು. ಮಾರನೆಯ ದಿನದಿಂದ ಕಾರು ನನ್ನ ಬೇವಿನ ಕೆಳಗೆ.

ವಾರ ಕಳೆಯುವಷ್ಟರಲ್ಲಿ ದೂರು ತಂದರು. “ಹಕ್ಕಿಗಳು ಕಾರೆಲ್ಲಾ ಗಲೀಜು ಮಾಡ್ತವೆ. ನಿಮ್ಮ ಮರದವು, ನೀವೇ ಒಂದ್ ಮಾತು ಹೇಳಿ.”

“ಸಾಹುಕಾರ್ರೇ, ಮೂವತ್ತು ವರ್ಷ ಮಕ್ಕಳೇ ನನ್ನ ಮಾತು ಕೇಳ್ಲಿಲ್ಲ” ಎಂದೆ.

ಚರಂಡಿ

ಚರಂಡಿ ಕೆಲಸದವರು ಬಂದು, ಕಡಿಯಲೆಂದು ಮರಕ್ಕೆ ಸುಣ್ಣದ ಗುರುತು ಹಾಕಿ ಹೋದರು. ಬೇಡವೆಂದರೆ ಕೇಳುವವರಿಲ್ಲ. ಬೇಲೂರಿಗೆ ಹೋಗುವಾಗ ಬಸ್ಸಿನಿಂದ ಕಂಡದ್ದು ನೆನಪಾಯಿತು: ಬುಡದಲ್ಲಿ ಕುಂಕುಮದ ಕಲ್ಲಿದ್ದ ಒಂದು ಮರಕ್ಕೆ ರಸ್ತೆಯೇ ಸುತ್ತು ಹಾಕಿ ಹೋಗಿತ್ತು. ನಮ್ಮ ಹಿತ್ತಲಲ್ಲಿ, ಮಿಕ್ಸಿ ಬಂದ ಮೇಲೆ ಯಾರೂ ಮುಟ್ಟದ ರುಬ್ಬುಗುಂಡು ಬಿದ್ದಿತ್ತು. ಬೆಳಗ್ಗೆ ಯಾರೂ ಏಳುವ ಮೊದಲು ಅದನ್ನು ಬುಡಕ್ಕಿಟ್ಟು, ಅರಿಸಿನ ಕುಂಕುಮ ಬಳಿದೆ.

ಗರಗಸ ತಂದವನು ಚಪ್ಪಲಿ ಬಿಟ್ಟು ಕೈಮುಗಿದ. ಚರಂಡಿ ಅಷ್ಟಗಲ ಬಳಸಿ ಹೋಯಿತು. ನಾನು ಒಳಗೊಳಗೇ ಬೀಗಿದೆ. ಸಂಜೆ ನೋಡಿದರೆ ಕಲ್ಲಿನ ಮುಂದೆ ಮೊದಲ ದೀಪ ಹಚ್ಚಿದ್ದಳು, ನನ್ನ ಹೆಂಡತಿ.

ಅಮ್ಮನ ಗುಡಿ

ಆಮೇಲೆ ಸಾಹುಕಾರರು ಮುಂದೆ ನಿಂತು ಬುಡದವರೆಗೂ ಸಿಮೆಂಟು ಹಾಕಿಸಿ, ಗ್ರಾನೈಟ್ ಹಾಸಿ, ಕಲ್ಲಿನ ಮೇಲಷ್ಟೇ ತಗಡಿನ ಚಾವಣಿ ಕಟ್ಟಿಸಿದರು.

“ಬೇರಿಗೆ ನೀರು ಹೋಗಲ್ಲ” ಎಂದೆ.

“ಅಮ್ಮ ನೋಡ್ಕೋತಾಳೆ ಬಿಡಿ.”

ಅದು ಅಮ್ಮನಲ್ಲ, ನಮ್ಮ ಮನೆಯ ಗುಂಡು ಎಂದು ಅವತ್ತೇ ಹೇಳಿಬಿಡಬೇಕಿತ್ತು. ಹೆಂಡತಿ ದಿನಾ ಪ್ರದಕ್ಷಿಣೆ ಹಾಕುವುದನ್ನು ನೋಡಿ ಬಾಯಿ ಬರಲಿಲ್ಲ. ಚಾವಣಿಗೆ ತಾಗುತ್ತವೆಂದು ಕೊಂಬೆ ಕಡಿದರು. ಎರಡು ಬೇಸಿಗೆಗೆ ಮರ ಒಣಗಿತು. ಗುಡಿಯ ಮೇಲೆ ಬಿದ್ದೀತೆಂದು ಅದನ್ನೂ ತೆಗೆಸಿದರು. ನನ್ನ ಹೇಡಿತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹೋದ ಏಪ್ರಿಲ್‌ನಲ್ಲಿ ಸಾಹುಕಾರರು ಕಾದ ಗ್ರಾನೈಟ್ ಮೇಲೆ ಕಾಲು ಬದಲಿಸುತ್ತಾ ಅಂದರು: “ಇಲ್ಲೊಂದು ಮರ ಇರ್ಬೇಕಿತ್ತು ಮೇಷ್ಟ್ರೇ. ನೀವು ಆಗ್ಲೇ ಒಂದು ನೆಡಬೇಕಿತ್ತು.”

ಹರಕೆ

ಅದೇ ವಾರ ಮಧ್ಯಾಹ್ನ ಕರೆಂಟು ಹೋಗಿ ಮಿಕ್ಸಿ ನಿಂತಿತು. ಹೆಂಡತಿ ಹಿತ್ತಲೆಲ್ಲ ಹುಡುಕಿದಳು.

“ರೀ, ಇಲ್ಲೊಂದು ರುಬ್ಬುಗುಂಡು ಇತ್ತಲ್ಲ, ಎಲ್ಲಿ ಹೋಯ್ತು?”

“ಎಲ್ಲೋ ಇರ್ಬೇಕು” ಎಂದೆ.

“ನಮ್ಮತ್ತೆ ಕಾಲದ್ದು ಕಣ್ರೀ ಅದು. ಇರಿ, ಅಮ್ಮಂಗೆ ಹರಕೆ ಹೊತ್ಕೋತೀನಿ. ಅವಳೇ ತೋರಿಸ್ತಾಳೆ.”

ತಲೆಗೆ ಸೆರಗು ಹೊದ್ದು ಹೋದವಳು, ರುಬ್ಬುಗುಂಡು ಸಿಗಲೆಂದು ರುಬ್ಬುಗುಂಡಿಗೇ ಮೂರು ಸುತ್ತು ಬಂದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮರ ಇದ್ದಿದ್ದರೆ ಅವಳ ಕಾಲಾದರೂ ಸುಡುತ್ತಿರಲಿಲ್ಲ.