ಐವತ್ತೆಂಟಕ್ಕೆ ಒಂದು

ಗುರುವಾರದ ವಾರಪತ್ರಿಕೆಯಲ್ಲಿ ಅಧ್ಯಕ್ಷೀಯ ಚುನಾವಣೆಯ ಲೆಕ್ಕ ಬಂದಿತ್ತು. ನೆಬ್ರಾಸ್ಕಾದ ಆ ಕೌಂಟಿಯ ಉತ್ತರ ಮೂಲೆಯ ಮತಗಟ್ಟೆಯಲ್ಲಿ ರಿಪಬ್ಲಿಕನ್ನರಿಗೆ ಐವತ್ತೆಂಟು, ಡೆಮಾಕ್ರಾಟರಿಗೆ ಒಂದು. ಆ ಒಂದು ಯಾರದೆಂಬ ಅನುಮಾನ, ಲವೋನಳ ಹೋಟೆಲಿನಲ್ಲಿ ಕಾಫಿ ಆರುವ ಮೊದಲೇ, ಕರೆಯದೆ ಬಂದ ನೆಂಟನಂತೆ ಎಲ್ಡನ್ ಯಾನ್ಸೆನ್ನನ ಪಕ್ಕದಲ್ಲಿ ಕೂತುಬಿಟ್ಟಿತು.

ಎಲ್ಡನ್ನನಿಗೆ ಅದು ಬೇಡದ ದಿನ. ಮಧ್ಯಾಹ್ನ ಮೂರಕ್ಕೆ ರೈತರ ಸಹಕಾರಿ ಗೋದಾಮಿನ ನಿರ್ದೇಶಕನ ಆಯ್ಕೆ. ಹನ್ನೆರಡು ವರ್ಷ ಕಾದ ಕುರ್ಚಿ. ಎದುರಾಳಿ ಮರ್ಲ್ ಹೋಲ್ತುಸ್ ಎದುರಿನ ಮೇಜಿನಲ್ಲೇ ಇದ್ದ.

"ಈ ಹೋಟ್ಲಲ್ಲಿ ಸೇಬಿನ ಪೈ ಬಿಟ್ಟು, ಪಟ್ಟಣದ ಡೆಮಾಕ್ರಾಟರ ಥರ ಮೊಸರು ಕೇಳಿದೋನು ನೀನೊಬ್ಬನೇ ಕಣಯ್ಯಾ," ಎಂದ ಮರ್ಲ್.

"ಡಾಕ್ಟರ್ ಹೇಳಿದ್ದಕ್ಕೆ ಮಾರಾಯ!"

"ಡಾಕ್ಟರೂ ಅವರ ಕಡೆಯವನೇ."

ಎಲ್ಡನ್ ನೇರ ಕೌಂಟಿ ಕಚೇರಿಗೆ ಹೋಗಿ ಹಳೆಯ ದಾಖಲೆ ತೆಗೆಸಿದ. ಸಾವಿರದ ಒಂಬೈನೂರ ಐವತ್ತಾರರಿಂದ ಅವರ ಮತಗಟ್ಟೆಯ ಫಲಿತಾಂಶಗಳನ್ನು ಸಾಲಾಗಿ ಬರೆದುಕೊಂಡು ಬಂದು ಮೇಜಿನ ಮೇಲೆ ಹರಡಿದ.

"ನೋಡ್ಕೊಳ್ಳಿ. ನಾನು ಹುಟ್ಟಿದ್ದು ಅರವತ್ತೊಂದರಲ್ಲಿ. ಈ ಒಂದು ಮತ ಅದಕ್ಕೂ ಮುಂಚಿನಿಂದ ಇದೆ!"

ಎಲ್ಲರೂ ತಲೆದೂಗಿದರು. ಮರ್ಲ್ ಕೂಡ ಬೆನ್ನು ತಟ್ಟಿದ. ಲವೋನ್ ಮಾತ್ರ ಕನ್ನಡಕ ಏರಿಸಿ ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದಳು.

"ಎಂಬತ್ನಾಲ್ಕರಲ್ಲಿ ಮಾತ್ರ ಸೊನ್ನೆ ಇದೆಯಲ್ಲೋ," ಎಂದಳು. "ಆ ವರ್ಷ ಮತದಾನದ ಹಿಂದಿನ ದಿನ ಅಲ್ವಾ ನಿಮ್ಮಪ್ಪ ಕಣಜದ ಏಣಿಯಿಂದ ಬಿದ್ದು ಆಸ್ಪತ್ರೆ ಸೇರಿದ್ದು?"

ಕಣ್ಣುಗಳೆಲ್ಲ ಮತ್ತೆ ಎಲ್ಡನ್ನನ ಕಡೆ ತಿರುಗಿದವು.

"ಅಪ್ಪ ಹೋಗಿ ಇಪ್ಪತ್ತೈದು ವರ್ಷ ಆಯ್ತು!" ಎಂದು ಎಲ್ಡನ್ ಕೂಗಿದ.

"ಅವರು ಹೋದ್ರು, ಮತ ಹೋಗ್ಲಿಲ್ವಲ್ಲ," ಎಂದ ಮರ್ಲ್. "ಹೊಲ, ಟ್ರ್ಯಾಕ್ಟರ್ ಜೊತೆ ಅದನ್ನೂ ಮಗನಿಗೇ ಬಿಟ್ಟು ಹೋಗಿದಾರೆ. ಪುರಾವೆ ನೀನೇ ತಂದ್ಕೊಟ್ಯಲ್ಲ, ಪುಣ್ಯಾತ್ಮ!"

ಮೂರು ಗಂಟೆಯ ಸಭೆಯಲ್ಲಿ ಚೀಟಿ ಹಾಕಿ ಎಣಿಸಿದರು. ಮರ್ಲ್‌ಗೆ ನಲವತ್ತು, ಎಲ್ಡನ್ನನಿಗೆ ಒಂದು. ಆ ಒಂದು ಯಾರದೆಂದು ಯಾರೂ ಕೇಳಲಿಲ್ಲ.

ಮನೆಯಲ್ಲಿ ಎಂಬತ್ತೆಂಟರ ತಾಯಿ ಆರ್ಡಿತ್ ಆಲೂಗೆಡ್ಡೆ ಸುಲಿಯುತ್ತಿದ್ದಳು. ಎಲ್ಡನ್ ನಡೆದದ್ದನ್ನೆಲ್ಲ ಹೇಳಿದ.

"ನಿಜವಾಗ್ಲೂ ಅಪ್ಪನದೇನಮ್ಮಾ ಆ ಮತ?"

"ಹೂಂ. ಸಾಯೋ ಮುಂಚೆ ನನ್ ಕೈಲಿ ಮಾತು ತಗೊಂಡ್ರು. ಈ ಮರ್ಲ್‌ನಂಥೋರು 'ಊರಿಗೆ ಊರೇ ನಮ್ಮದು' ಅನ್ಬಾರ್ದು, ಅದಕ್ಕೆ ಒಂದಾದ್ರೂ ಇರ್ಲಿ ಅಂತ. ಅವತ್ತಿಂದ ನಾನೇ ಹಾಕ್ತಿದೀನಿ. ನನಗೇನು ಇಷ್ಟವಾ? ಮಾತು ಕೊಟ್ಟಾಯ್ತಲ್ಲ."

ಎಲ್ಡನ್ ಕುರ್ಚಿ ಎಳೆದುಕೊಂಡು ಕೂತ. ನಲವತ್ತು ವರ್ಷದಿಂದ ಚರ್ಚಿನ ಊಟಕ್ಕೆ ಪೈ ಮಾಡಿಕೊಡುವ ತಾಯಿಯ ಹೆಸರನ್ನು ಆ ಹೋಟೆಲಿನಲ್ಲಿ ಹೇಳುವುದು ಸಾಧ್ಯವಿರಲಿಲ್ಲ.

"ಮುಂದಿನ ಸಲಕ್ಕೆ ನಾನಿರ್ತೀನೋ ಇಲ್ವೋ," ಎನ್ನುತ್ತ ಆರ್ಡಿತ್ ಮೊಸರಿನ ಬಟ್ಟಲನ್ನು ಮಗನ ಮುಂದೆ ಸರಿಸಿದಳು. "ಇನ್ನು ಮೇಲೆ ನೀನೇ ಹಾಕ್ಬಿಡಪ್ಪ. ಹೆಸರಂತೂ ಹೇಗೂ ಬಂದಾಯ್ತು."