ನಮ್ಮವರ ಪಿಸುಮಾತಿಗೆ ತಕ್ಕ ಹೋಟೆಲು

ಹೋಟೆಲಿಗೆ ಹೋಗಿ, ಉಂಡು, ಬಿಲ್ಲು ಕೊಟ್ಟು, ಸುಮ್ಮನೆ ಮನೆಗೆ ಬರುವ ಸಂಸಾರಗಳೂ ಲೋಕದಲ್ಲಿ ಇವೆಯಂತೆ. ನಮ್ಮದು ಆ ಪೈಕಿ ಅಲ್ಲ. ನಾವು ಒಂದು ಮೇಜಿಗೆ ಕೂತರೆ ಸಾಕು, ಎಲೆ ಎತ್ತುವ ಮೊದಲು ಏನಾದರೊಂದು ಆಗಿಯೇ ತೀರುತ್ತದೆ. ಕೊಡಗಿನ ಕರಿಕೆಯ ನಮ್ಮ ಕಾಫಿ ತೋಟದಿಂದ ಮೈಸೂರಿಗೆ ಅರ್ಧ ದಿನದ ದಾರಿ. ಅಷ್ಟು ದೂರ ಹೋಗಿ ಮಾಡಿಕೊಂಡ ಫಜೀತಿ ಮರೆತು ಹೋಗಬಾರದಲ್ಲ ಎಂದು ಯಾವ ಹೋಟೆಲು, ಏನು ತಿಂದೆವು, ಮತ್ತೆ ಯಾಕೆ ಅಲ್ಲಿಗೆ ಹೋಗಬಾರದು, ಎಲ್ಲ ಬರೆದಿಡುವುದು ನನ್ನ ಅಭ್ಯಾಸ. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಬೇಡವೇ?

ಈಚೆಗೆ ಮಗಳಿಗೆ ಸಂಬಂಧ ನೋಡಲು ಶುರು ಮಾಡಿದ ಮೇಲಂತೂ ಪುಟಗಳು ಬೇಗ ಬೇಗ ತುಂಬಿದವು. ಅವಳಿಗೆ ಮೈಸೂರಿನ ಬ್ಯಾಂಕಿನಲ್ಲಿ ಕೆಲಸ. “ಮನೆಗೆ ಬಂದು ಹುಡುಗಿ ನೋಡುವುದು, ನಾನು ತಟ್ಟೆ ಹಿಡಿದುಕೊಂಡು ನಿಲ್ಲುವುದು, ಇದೆಲ್ಲ ಬೇಡಮ್ಮ. ಎರಡೂ ಮನೆಯವರು ಒಂದು ಹೋಟೆಲಿನಲ್ಲಿ ಕೂತು ಊಟ ಮಾಡೋಣ. ಹೋಟೆಲ್ ನೀನೇ ನೋಡು” ಎಂದಳು. ನೋಡಿದೆ.

ಪಿಸುಮಾತು

ನಮ್ಮ ಯಜಮಾನರದ್ದು ತೋಟದ ಗಂಟಲು. ಫೋನಿಗೆ ರೇಂಜ್ ಸಿಗದ ಜಾಗದಲ್ಲಿ ಈ ಗುಡ್ಡದಿಂದ ಆ ಗುಡ್ಡಕ್ಕೆ ಆಳುಗಳ ಲೆಕ್ಕ ಬರೆಯುವ ರೈಟರನ್ನು ಕೂಗಿ ಕೂಗಿ ಪಳಗಿದ್ದು. ಅದು ಗೊತ್ತಿದ್ದೂ ನಾನು ಮೊದಲ ಸಲ ಆರಿಸಿದ್ದು ಮಂದ ದೀಪದ, ನೆಲಕ್ಕೆ ರತ್ನಗಂಬಳಿ ಹಾಸಿದ, ಚಮಚ ತಟ್ಟೆಗೆ ತಾಗಿದರೂ ಕೇಳಿಸುವಂಥ ಹೋಟೆಲನ್ನು. ಮರ್ಯಾದೆಯ ಜಾಗ ಎಂದುಕೊಂಡೆ.

ಹುಡುಗ ಒಳ್ಳೆಯವನು. ಸೂಪು ಬಂತು. ಹುಡುಗನ ತಾಯಿ ಉಪ್ಪು ಕಡಿಮೆ ಎಂದು ಸಪ್ಲೈಯರನ್ನು ಸ್ವಲ್ಪ ಗದರಿದರು. ನಮ್ಮವರು ನನ್ನ ಕಿವಿಯ ಹತ್ತಿರ ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, ತಮ್ಮ ಪ್ರಕಾರ ಪಿಸುಗುಟ್ಟಿದರು: “ಹುಡುಗ ಅಡ್ಡಿಯಿಲ್ಲ ಮಾರಾಯ್ತಿ. ಅಮ್ಮನೇ ಸ್ವಲ್ಪ ಜೋರು.”

ಅದು ಇಡೀ ಹೋಟೆಲಿಗೆ ಕೇಳಿಸಿತು. ಮಗಳು ಸೂಪಿನ ಬಟ್ಟಲಿನೊಳಗೇ ಇಳಿದುಬಿಡುವ ಹಾಗೆ ತಲೆ ತಗ್ಗಿಸಿದಳು. ಆಗ ಆ ಕೊನೆಯ ಮೇಜಿನಲ್ಲಿ ಒಬ್ಬರೇ ಕೂತು ಊಟ ಮಾಡುತ್ತಿದ್ದ, ನಮಗೆ ಯಾರೂ ಅಲ್ಲದ ಮನುಷ್ಯರೊಬ್ಬರು ಇತ್ತ ತಿರುಗಿ ಹೇಳಿದರು: “ಸರ್, ಅನುಭವದ ಮೇಲೆ ಹೇಳ್ತಾ ಇದ್ದೇನೆ. ಅಮ್ಮ ಜೋರಿದ್ದರೆ ಇನ್ನೊಂದು ಸಲ ಯೋಚನೆ ಮಾಡಿ.”

ಯೋಚನೆ ಮಾಡುವ ಕಷ್ಟವನ್ನು ಆ ಕಡೆಯವರು ನಮಗೆ ಕೊಡಲಿಲ್ಲ.

ಕೈಯಲ್ಲಿ ಕಿತ್ತ ಕಾಫಿ

ಮಗಳು ಎರಡು ದಿನ ಅಪ್ಪನ ಹತ್ತಿರ ಮಾತಾಡಲಿಲ್ಲ. ಆಮೇಲೆ ನನಗೆ ಹೇಳಿದಳು: “ಅಮ್ಮ, ಇನ್ನೊಂದು ಸಂಬಂಧ ಅಪ್ಪನ ಬಾಯಿಯಿಂದ ತಪ್ಪಿದರೆ ನಾನು ಮದುವೆ ಮಾತೇ ಆಡುವುದಿಲ್ಲ.” ಇನ್ನು ಮುಂದೆ ಮೊದಲು ನಾವೇ ಹೋಗಿ ಹೋಟೆಲನ್ನು ಪರೀಕ್ಷೆ ಮಾಡಿ ಬರುವುದೆಂದು ನಿಶ್ಚಯಿಸಿದೆ.

ಅವಳ ಗೆಳತಿಯರು ಹೊಗಳಿದ ಜಾಗಕ್ಕೆ ಹೋದೆವು. ಗದ್ದಲ ಸಾಕಷ್ಟಿತ್ತು. ಆದರೆ ನಮ್ಮವರು ಮೆನು ತೆರೆದವರೇ ರೇಟುಗಳನ್ನು ಒಂದೊಂದಾಗಿ ಹಾಜರಿ ಕರೆಯುವ ಹಾಗೆ ಓದತೊಡಗಿದರು. ಕೊನೆಯ ಪುಟಕ್ಕೆ ಬಂದು ಸಪ್ಲೈಯರನ್ನು ಕರೆದರು.

“ಈ ಕಾಫಿಗೆ ಇಷ್ಟು ಎಂಥಕ್ಕೆ?”

“ಅದು ಸ್ಪೆಷಲ್ ಸರ್. ಕೊಡಗಿನದ್ದು. ಒಂದೇ ಎಸ್ಟೇಟಿನ ಕಾಫಿ.”

“ಅಂದರೆ ಪಕ್ಕದ ತೋಟದಿಂದ ಕದ್ದು ಸೇರಿಸಿದ್ದಲ್ಲ ಅಂತ?”

ಸಪ್ಲೈಯರ್ ಕಲಿತ ಪಾಠ ಬಿಡಲಿಲ್ಲ. “ಹಣ್ಣನ್ನು ಒಂದೊಂದಾಗಿ ಕೈಯಲ್ಲೇ ಕೀಳ್ತಾರೆ ಸರ್.”

“ಮತ್ತೆ ಉಳಿದವರು ಕಾಲಲ್ಲಿ ಕೀಳ್ತಾರಾ?”

“ಕುಡಿದ ಮೇಲೆ ಕಿತ್ತಳೆಯ ಪರಿಮಳ ಬರ್ತದೆ ಸರ್.”

“ಕಿತ್ತಳೆ ಮರದ ಬುಡದಲ್ಲಿ ಬೆಳೆದದ್ದಲ್ಲವಾ, ಹಲಸಿನದ್ದು ಬರ್ತದಾ?”

ಇಷ್ಟಾಗಿ ಇಬ್ಬರಿಗೂ ಸ್ನೇಹವಾಯಿತು. ನಮ್ಮವರು ಅವನಿಗೆ ಗಿಡದ ರೆಂಬೆ ಸವರಿ ಕಸಿ ಮಾಡುವುದರಿಂದ ಹಿಡಿದು ಕಣದಲ್ಲಿ ಹರಡಿ ಒಣಗಿಸುವವರೆಗೆ ಎಲ್ಲ ಹೇಳಿಕೊಟ್ಟರು. ಕಾಫಿ ಅರಳಿಸುವ ಹೂ ಮಳೆಯ ಭಾಗ ಮುಗಿಯುವಾಗ ಪಕ್ಕದ ಮೇಜಿನವರೂ ಕುರ್ಚಿ ಇತ್ತ ಎಳೆದುಕೊಂಡಿದ್ದರು. ಕೊನೆಗೆ ಸಪ್ಲೈಯರ್ ತುಂಬಾ ಗೌರವದಿಂದ ಚೀಟಿ ತೆಗೆದು ಕೇಳಿದ: “ಈಗ ಸರ್‌ಗೆ ಯಾವ ಕಾಫಿ ತರಲಿ?”

“ಟೀ” ಎಂದರು ನಮ್ಮವರು.

ಕರ್ಚೀಫು

ಆದ್ದರಿಂದ ಹಿತವಾದ ರೇಟಿನ ಜಾಗಗಳ ಕಡೆ ತಿರುಗಿದೆ. ಈ ಸಲ ಜೊತೆಗೆ ನಾದಿನಿ, ಅಂದರೆ ನಮ್ಮವರ ತಂಗಿ, ಬಂದಿದ್ದಳು. ಹೋಟೆಲು ಎಲ್ಲ ರೀತಿಯಲ್ಲೂ ಸರಿಯಾಗಿತ್ತು: ಗದ್ದಲ, ಬಿಸಿ ಬಿಸಿ ಊಟ, ಮೆನು ಓದಿದರೂ ನಮ್ಮವರ ರಕ್ತದೊತ್ತಡ ಏರದ ರೇಟು. ಒಂದೇ ಕೊರತೆ, ಮೇಜು ಮೊದಲೇ ಕಾದಿರಿಸುವ ಪದ್ಧತಿ ಇರಲಿಲ್ಲ. ಬಂದವರು ಬಾಗಿಲಲ್ಲಿ ಕಾಯಬೇಕು.

ನಾದಿನಿ ಕಾಲೇಜು ಓದಿದ್ದೆಲ್ಲ ಬಸ್ಸಿನಲ್ಲಿ ಓಡಾಡಿ. ಕಾಯುವುದು ಅವಳಿಗೆ ಗೊತ್ತಿಲ್ಲ. ಕಿಟಕಿಯ ಪಕ್ಕದ ಮೇಜಿನವರು ಏಳುತ್ತಿದ್ದ ಹಾಗೇ ಹೊರಗಡೆಯಿಂದ ಹೋಗಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕರ್ಚೀಫನ್ನು ತೆಗೆದು, ಕಿಟಕಿಯೊಳಗೆ ಕೈ ಹಾಕಿ ಮೇಜಿನ ಮೇಲೆ ಎಸೆದಳು. “ಆಯ್ತು ಅತ್ತಿಗೆ, ಸೀಟು ನಮ್ಮದು” ಎಂದಳು.

ನಾವು ಜನರನ್ನು ದಾಟಿಕೊಂಡು ಒಳಗೆ ಹೋಗುವಷ್ಟರಲ್ಲಿ ಆ ಮೇಜಿನಲ್ಲಿ ಒಬ್ಬ ಹಿರಿಯರು ಸಂಸಾರ ಸಮೇತ ಕೂತಿದ್ದರು. ಮುಂದೆ ಖಾಲಿಯಾದ ಸಾರಿನ ಲೋಟ.

“ಇಲ್ಲಿ ನನ್ನ ಕರ್ಚೀಫ್ ಇತ್ತಲ್ಲ?” ಎಂದಳು ನಾದಿನಿ, ಬಸ್ಸಿನ ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡು.

ಹಿರಿಯರು ಮೀಸೆ ಒರೆಸುತ್ತಿದ್ದ ಬಟ್ಟೆಯನ್ನು ನೋಡಿಕೊಂಡರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟರು. “ಹೋಟೆಲಿನವರೇ ಇಟ್ಟದ್ದು ಅಂದುಕೊಂಡೆ ತಾಯಿ. ಒಳ್ಳೇ ಬಟ್ಟೆ.”

ಗಲಾಟೆ ಇದೆಯಾ?

ಅಲ್ಲಿಗೆ ನನ್ನ ಬೇಡಿಕೆ ಖಚಿತವಾಯಿತು: ಗದ್ದಲ ಇರಬೇಕು, ರೇಟು ಹಿತವಾಗಿರಬೇಕು, ಮೇಜು ಮೊದಲೇ ನಮ್ಮ ಹೆಸರಿನಲ್ಲಿರಬೇಕು. ಅಷ್ಟರಲ್ಲಿ ಕುಶಾಲನಗರದ ಕಡೆಯಿಂದ ಇನ್ನೊಂದು ಸಂಬಂಧವೂ ಬಂತು. ಹುಡುಗನನ್ನು ಮಗಳು ಒಂದೆರಡು ಸಲ ಮಾತಾಡಿಸಿ ನೋಡಿದ್ದಳು. ಬಾಯಿ ಬಿಟ್ಟು ಹೇಳದಿದ್ದರೂ ಅವಳಿಗೆ ಇಷ್ಟವಾಗಿತ್ತು. ನಾನು ಫೋನ್ ಹಿಡಿದು ಕೂತೆ.

“ನಿಮ್ಮಲ್ಲಿ ಗಲಾಟೆ ಇರ್ತದಾ?” ಎಂದು ಮೊದಲ ಹೋಟೆಲಿಗೆ ಕೇಳಿದೆ.

“ಛೇ, ಇಲ್ಲ ಮೇಡಂ. ತುಂಬಾ ಶಾಂತ ವಾತಾವರಣ.”

“ಹಾಗಾದರೆ ಬೇಡ” ಎಂದು ಇಟ್ಟೆ.

ಎರಡನೆಯವರು, “ಮೊನ್ನೆ ಒಂದು ಸಲ ಆಗಿತ್ತು, ಪೊಲೀಸರು ಬಂದು ಸರಿ ಮಾಡಿದ್ದಾರೆ, ಇನ್ನು ಭಯ ಇಲ್ಲ” ಎಂದರು. ಅಷ್ಟು ಗಲಾಟೆ ನಮಗೂ ಬೇಡವಾಗಿತ್ತು.

ಮೂರನೆಯ ಹೋಟೆಲಿನ ಮ್ಯಾನೇಜರ್ ಮಾತ್ರ ಪ್ರಾಮಾಣಿಕ. ಅವನು ಹೇಳಿದ: “ಸುಳ್ಳು ಹೇಳೋದಿಲ್ಲ ಮೇಡಂ. ಶನಿವಾರ ಸಂಜೆ ಹಾಡು ಹಾಡ್ತಾರೆ, ಹುಟ್ಟುಹಬ್ಬದವರು ಬರ್ತಾರೆ. ಪಕ್ಕದಲ್ಲಿ ಕೂತವರ ಮಾತೂ ಕೇಳಿಸೋದಿಲ್ಲ. ನೀವು ಭಾನುವಾರ ಬನ್ನಿ.”

“ಶನಿವಾರಕ್ಕೇ ಬರೆದುಕೊಳ್ಳಿ” ಎಂದೆ. “ಹಾಡುವವರ ಪಕ್ಕದ ಮೇಜೇ ಆಗಲಿ.”

ಅವನು ದನಿ ತಗ್ಗಿಸಿ ಕೇಳಿದ: “ಮೇಡಂ, ಬರುವವರಿಗೆ ಕಿವಿ ಕೇಳಿಸ್ತದಲ್ಲ?”

“ಅದೇ ತೊಂದರೆ” ಎಂದೆ.

ಡಿಪಾಜಿಟ್ಟು

ಶನಿವಾರದ ಮೇಜಿಗೆ ಡಿಪಾಜಿಟ್ ಕಟ್ಟಬೇಕಿತ್ತು. ಕಟ್ಟಿದೆ. ಅವರು ಮೂವರು, ನಾವು ಮೂವರು, ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದೆವು. ಹೊರಡುವ ಮೊದಲು, ಈ ಸಂಬಂಧ ತಂದ ನನ್ನ ಅಣ್ಣ ಫೋನಿನಲ್ಲಿ ಒಂದೇ ಎಚ್ಚರಿಕೆ ಕೊಟ್ಟಿದ್ದ: ಹುಡುಗನ ತಂದೆ ಒಮ್ಮೆ ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಿಂತು ಸೋತವರು, ಡಿಪಾಜಿಟ್ಟೂ ಹೋಗಿತ್ತು. ಅವರ ಮುಂದೆ ಯಾರಾದರೂ ಆ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಇದನ್ನು ನಮ್ಮವರಿಗೆ ನಾನು ತಿಳಿಸಿರಲಿಲ್ಲ. ಆಡಬಾರದ ಮಾತು ಯಾವುದೆಂದು ಗೊತ್ತಾದರೆ ಅದೇ ಅವರ ನಾಲಿಗೆ ತುದಿಯಲ್ಲಿ ಬಂದು ಕೂರುತ್ತದೆ.

ಹೋಟೆಲು ಹೇಳಿದ ಮಾತಿಗೆ ತಪ್ಪಲಿಲ್ಲ. ಒಂದು ಕಡೆ ಹಾಡು, ಇನ್ನೊಂದು ಕಡೆ ಹುಟ್ಟುಹಬ್ಬದ ಮಕ್ಕಳ ಪೀಪಿ. ಹುಡುಗನ ತಂದೆ ಏನೋ ಹೇಳುತ್ತಿದ್ದರು, ನಮ್ಮವರು ತಲೆ ಆಡಿಸುತ್ತಿದ್ದರು. ನಮ್ಮವರು ಏನೋ ಹೇಳುತ್ತಿದ್ದರು, ಅವರು ತಲೆ ಆಡಿಸುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಇಬ್ಬರೂ ಎಲ್ಲದಕ್ಕೂ ಒಪ್ಪಿಬಿಟ್ಟಿದ್ದರು. ಹುಡುಗನ ತಾಯಿ ಮಗಳ ತಟ್ಟೆಗೆ ತಾವೇ ಕೋಳಿ ಬಡಿಸಿದರು. ಮಗಳು ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು. ಗೆದ್ದೆ ಎಂದುಕೊಂಡೆ.

ಆಗ ಹುಡುಗನ ತಂದೆ ನಮ್ಮವರ ಕಡೆ ಬಗ್ಗಿ, “ನಾನೂ ಊರಿನ ಕೆಲಸ ಅಂತ ಸ್ವಲ್ಪ ಓಡಾಡ್ತಿದ್ದೆ ಸರ್” ಎಂದರು. ಅಷ್ಟು ಮಾತ್ರ ಹೇಗೋ ಕೇಳಿಸಿತು.

“ಹಾಗಾದರೆ ಚುನಾವಣೆಗೆ ನಿಲ್ಲಬಹುದಿತ್ತಲ್ಲ” ಎಂದರು ನಮ್ಮವರು. ಪುಣ್ಯಕ್ಕೆ ಅದೇ ಹೊತ್ತಿಗೆ ಪಕ್ಕದಲ್ಲಿ ಬಲೂನು ಒಡೆಯಿತು. ಅವರು, “ಏನಂದಿರಿ?” ಎಂದು ಕಿವಿಗೆ ಕೈ ಹಿಡಿದರು. ನಮ್ಮವರು ಇನ್ನೊಂದು ಸಲ ಹೇಳಲು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನಾನು ಅವರ ತೋಳು ಹಿಡಿದು ಎಳೆದು, ಹಾಡಿನ ಮೇಲೆ ಕೇಳಿಸುವ ಹಾಗೆ ಕಿವಿಯಲ್ಲಿ ಕಿರುಚಿದೆ: “ಆ ಮಾತು ಬೇಡ. ಅವರು ನಿಂತು ಆಗಿದೆ.”

ಕರೆಂಟು ಹೋಯಿತು. ಹಾಡು, ಫ್ಯಾನು, ಪೀಪಿ ಎಲ್ಲ ಒಟ್ಟಿಗೆ ನಿಂತಿತು. ಹೊರಟ ಮಾತು ಮಾತ್ರ ನಿಲ್ಲಲಿಲ್ಲ.

“ಡಿಪಾಜಿಟ್ಟೇ ಹೋಗಿದೆ” ಎಂಬ ನನ್ನ ಧ್ವನಿ ಆ ಕತ್ತಲಲ್ಲಿ ಗೋಡೆಯಿಂದ ಗೋಡೆಗೆ ಹೋಗಿ ಬಂತು.

ಮಗಳು ಮೇಜಿನ ಕೆಳಗೆ ನನ್ನ ಕೈಯನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡಳು. ಎದುರುಗಡೆ ಕುರ್ಚಿಯೊಂದು ಹಿಂದಕ್ಕೆ ಸರಿದ ಸದ್ದಾಯಿತು. ಆಗ ನಮ್ಮವರು ಗುಡ್ಡಕ್ಕೆ ಕೇಳಿಸುವ ಗಂಟಲಲ್ಲಿ ಸಾರಿದರು: “ಮಗಳೇ, ಈ ಸಲ ಮಾತಾಡಿದ್ದು ನಾನಲ್ಲ.”

ಅಷ್ಟರಲ್ಲಿ ಮ್ಯಾನೇಜರ್ ಮೊಬೈಲಿನ ಬೆಳಕು ಹಿಡಿದುಕೊಂಡು, ಮೇಜುಗಳಿಗೆ ಎಡವಿಕೊಂಡು ಓಡಿ ಬಂದ.

“ಯಾರದ್ದೂ ಡಿಪಾಜಿಟ್ ಹೋಗೋದಿಲ್ಲ, ದಯವಿಟ್ಟು ಗಾಬರಿಯಾಗಬೇಡಿ. ಕರೆಂಟ್ ಹೋದರೆ ಏನಾಯಿತು, ಪೂರ್ತಿ ಹಣ ವಾಪಸ್ ಕೊಡ್ತೇವೆ. ಬೇಕಾದರೆ ಈಗಲೇ ಬರೆದುಕೊಡ್ತೇನೆ.”

ಮೊಬೈಲಿನ ಬೆಳಕು ಹುಡುಗನ ತಂದೆಯ ಮುಖದ ಮೇಲೆ ಬಿತ್ತು. ಅವರು ಎದ್ದು ನಿಂತಿದ್ದರು. ಮ್ಯಾನೇಜರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮಗಳ ಹಿಡಿತ ಮೆಲ್ಲನೆ ಸಡಿಲವಾಯಿತು. ಸಂಜೆಯಿಂದ ಬಾಯಿ ತುಂಬ ‘ಸರ್, ಸರ್’ ಎನ್ನುತ್ತಿದ್ದವರು ಪುನಃ ಕೂತು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ನಮ್ಮವರ ಹೆಗಲ ಮೇಲೆ ಕೈ ಹಾಕಿದರು.

“ನೋಡಿ ಬೀಗರೇ” ಎಂದರು, “ಇಂಥವನೊಬ್ಬ ಚುನಾವಣಾಧಿಕಾರಿ ನಮ್ಮ ಕಡೆಗೆ ಬಂದಿದ್ದರೆ ಸಾಕಿತ್ತು.”