ಗಡಿ ಊರಿನ ರೊಟ್ಟಿ, ಗಡಿಯಾಚೆಯ ಅಕ್ಕ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಯಾರೂ ಭಾಷಣಕ್ಕೆ ಕರೆಯಬಾರದು. ಕರೆದರೆ ಅವನು ಬಂದೇಬಿಡುತ್ತಾನೆ. ಓದಿದವರಾದರೆ ಟೈಮಿಲ್ಲ ಅನ್ನುತ್ತಾರೆ, ಇದು ನನ್ನ ವಿಷಯವಲ್ಲ ಅನ್ನುತ್ತಾರೆ, ಕೊನೆಗೆ ಗಂಟಲು ಕಟ್ಟಿದೆ ಅಂತಲಾದರೂ ತಪ್ಪಿಸಿಕೊಳ್ಳುತ್ತಾರೆ. ನನಗೆ ಅಂಥ ಸಂಕೋಚವೇ ಇಲ್ಲ. ಹೋದ ವರ್ಷ ಹೊಸಪೇಟೆಯ ಸಣ್ಣ ಕಾರ್ಖಾನೆಯವರೆಲ್ಲ ಸೇರುವ ಒಂದು ಸಭೆಗೆ, ಗಡಿ ಊರಿನಲ್ಲಿ ಕಾರ್ಖಾನೆ ಇಡುವುದರ ಅನುಕೂಲಗಳ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಎಂದು ಕರೆದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಹತ್ತೇ ನಿಮಿಷ ಏನ್ರಿ?" ನನ್ನ ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಜೋಳದ ಕಡಕ್ ರೊಟ್ಟಿಯದು. ಹದಿನಾಲ್ಕು ಹೆಂಗಸರು, ಏಳು ಒಲೆ, ಒಂದು ಪ್ಯಾಕಿಂಗ್ ಮಷಿನ್ನು, ಒಂದು ಲಗೇಜ್ ಗಾಡಿ, ಮತ್ತು ಇವೆಲ್ಲಕ್ಕೂ ಅಡ್ಡಡ್ಡ ಬರುತ್ತ ಓಡಾಡುವ ನಾನು. ಆದರೆ ಗಡಿಯ ಅನುಕೂಲ ಅಂತ ಯಾರಾದರೂ ಬಾಯಿ ತೆಗೆದರೆ ಊರಲ್ಲಿ ಎಲ್ಲರೂ ನನ್ನ ಕಡೆ ಕೈ ತೋರಿಸುತ್ತಾರೆ. ಆ ವಿಷಯ ಹೇಳಿ ಹೇಳಿ ನಾನು ಎಷ್ಟು ಜನರ ತಲೆ ತಿಂದಿದ್ದೇನೆ ಎಂಬುದಕ್ಕೆ ಅದೇ ಸಾಕ್ಷಿ.

ಹೊಸಪೇಟೆಯನ್ನು ಗಡಿ ಊರು ಎಂದರೆ ಬಳ್ಳಾರಿಯವರು ನಗುತ್ತಾರೆ. ಗಡಿ ಏನಿದ್ದರೂ ತಮ್ಮ ಹಿತ್ತಲಲ್ಲಿದೆ ಎಂಬುದು ಅವರ ವಾದ. ಇರಲಿ ಬಿಡಿ. ನಮ್ಮ ಗಾಡಿ ಬೆಳಿಗ್ಗೆ ಹೊರಟರೆ ಬಿಸಿಲೇರುವುದರೊಳಗೆ ಆಂಧ್ರದ ಆಲೂರು ಕಡೆಯ ಅಂಗಡಿಗಳ ಮುಂದೆ ನಿಂತಿರುತ್ತದೆ. ನನಗೆ ಅಷ್ಟು ಗಡಿ ಸಾಕು. ಜೋಳ ಎರಡೂ ಕಡೆ ಬೆಳೆಯುತ್ತದೆ. ಈ ಕಡೆ ತುಟ್ಟಿಯಾದರೆ ಆ ಕಡೆ ನೋಡಬಹುದು. ಕೆಲಸದವರು ಎರಡೂ ಭಾಷೆ ಬಲ್ಲವರು, ಒಂದರಲ್ಲಿ ಜಗಳ ಶುರುಮಾಡಿ ಇನ್ನೊಂದರಲ್ಲಿ ಮುಗಿಸುತ್ತಾರೆ. ಇನ್ನು ತಿನ್ನುವವರೋ, ಇಲ್ಲಿ ಪುಂಡಿಪಲ್ಯ ಎನ್ನುತ್ತಾರೆ, ಅಲ್ಲಿ ಗೋಂಗೂರ ಎನ್ನುತ್ತಾರೆ. ಸೊಪ್ಪು ಒಂದೇ, ಜೊತೆಗೆ ಮುರಿಯುವ ರೊಟ್ಟಿ ನನ್ನದೇ. ನಡುವೆ ಹಂಪಿಯನ್ನೂ ಒಂದು ಕೈ ನೋಡೋಣ ಎಂದು ಅಲ್ಲಿನ ಒಂದು ಹೋಟೆಲಿಗೆ ರೊಟ್ಟಿ ಹಾಕಿದ್ದೆ. ದೂರದ ದೇಶದಿಂದ ಬಂದಿದ್ದ ಒಬ್ಬರು ಮೇಲಿದ್ದ ಪಲ್ಯ, ಚಟ್ನಿಯನ್ನೆಲ್ಲ ನೀಟಾಗಿ ತಿಂದು, ರೊಟ್ಟಿಯನ್ನು ತಟ್ಟೆ ಎಂದುಕೊಂಡು ಒರೆಸಿ ವಾಪಸ್ಸು ಕೊಟ್ಟರಂತೆ. ಅಂದಿನಿಂದ ನಾನು ಗಡಿಯಾಚೆಯ ಗಿರಾಕಿಗಳನ್ನೇ ನಂಬಿದ್ದೇನೆ.

ಆ ಗಿರಾಕಿಗಳು ತಾವಾಗಿ ಬಂದವರಲ್ಲ. ಅಕ್ಕ ತಂದುಕೊಟ್ಟವರು. ನಮ್ಮ ಗಂಗಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ಖಾನಾವಳಿಗಳಿಗೆ ರೊಟ್ಟಿ ಬಡಿದು ನನ್ನನ್ನು ಸಾಕಿದವಳು. ನಾನು ಶಾಲೆ ಬಿಟ್ಟೆ ಎಂದಾಗ ನನ್ನ ಬೆನ್ನಿಗೆ ಎರಡು ಬಿಟ್ಟು, ಆಮೇಲೆ ತಲೆಗೆ ಸಿಂಬಿ ಇಟ್ಟು ರೊಟ್ಟಿಬುಟ್ಟಿ ಹೊರಿಸಿದವಳೂ ಅವಳೇ. ಅವಳನ್ನು ಆಲೂರು ಕಡೆಯ ಒಂದು ಹಳ್ಳಿಗೆ ಕೊಟ್ಟೆವು. ಅವಳ ಊರಿನ ಕಿರಾಣಿ ಅಂಗಡಿಯೇ ಗಡಿಯಾಚೆ ನನ್ನ ರೊಟ್ಟಿ ಇಟ್ಟ ಮೊದಲ ಅಂಗಡಿ. ಇಡಿಸಿದವರು ನಮ್ಮ ಭಾವ. ಕಾರ್ಖಾನೆ ಶುರುವಾದಾಗ ಬಂದು ತಿಂಗಳು ನಿಂತು ಹೆಂಗಸರಿಗೆ ಎಸರಿನ ಹದ, ನಾದುವ ಹದ ಕಲಿಸಿದವಳೂ ಅಕ್ಕನೇ. ಅವಳು ಬಡಿಯುವುದಕ್ಕೆ ಒಂದು ತಾಳವಿತ್ತು. ಎರಡು ಪೆಟ್ಟು, ಒಂದು ಚಣ ಸುಮ್ಮನೆ, ಮತ್ತೆರಡು ಪೆಟ್ಟು. ಆ ಸುಮ್ಮನಿರುವ ಚಣದಲ್ಲಿ ಅವಳು ರೊಟ್ಟಿ ತಿರುಗಿಸುತ್ತಿದ್ದಳು. ಈಗ ಹದಿನಾಲ್ಕು ಜನ ಒಟ್ಟಿಗೆ ಬಡಿಯುತ್ತಾರೆ, ಇಡೀ ಓಣಿಗೆ ಕೇಳುತ್ತದೆ. ಆದರೆ ಆ ನಡುವಿನ ಚಣ ಮಾತ್ರ ಯಾರ ಕೈಯಲ್ಲೂ ಇಲ್ಲ. ನಾನು ಎಷ್ಟೋ ಸಲ ಬಾಗಿಲ ಬಳಿ ನಿಂತು ಕಿವಿಗೊಟ್ಟಿದ್ದೇನೆ. ಮಾಲೀಕ ಕೆಲಸ ನೋಡಲು ನಿಂತಿದ್ದಾನೆ ಎಂದುಕೊಂಡು ಅವರು ಇನ್ನಷ್ಟು ಜೋರಾಗಿ ಬಡಿಯುತ್ತಾರೆ.

ನಮ್ಮಲ್ಲಿ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು, ಅದೂ ತವರಿನವರು ಹೋಗಿ ಕರೆದರೆ ಮಾತ್ರ. ಅಣ್ಣನೋ ತಮ್ಮನೋ ಉಂಡಿ, ಕೊಬ್ಬರಿ, ಕುಪ್ಪಸದ ಖಣ ಹಿಡಿದು ಅವಳ ಮನೆಯ ಹೊಸ್ತಿಲಲ್ಲಿ ನಿಂತು "ಬಾರವ್ವ" ಅನ್ನಬೇಕು. ಪ್ರತಿ ವರ್ಷ ನಾನು ಹೋಗುತ್ತಿದ್ದೆ. ಆದರೆ ಪಂಚಮಿಗೆ ಮುಂಚೆ ರೊಟ್ಟಿ ಹಬ್ಬ ಬರುತ್ತದೆ, ಮನೆಮನೆಯವರು ತಾವು ಮಾಡಿದ ಕಡಕ್ ರೊಟ್ಟಿಯನ್ನು ಒಬ್ಬರಿಗೊಬ್ಬರು ಕೊಟ್ಟು ತರುವ ಹಬ್ಬ. ಈಗ ಮನೆಯಲ್ಲಿ ಮಾಡಲಾಗದವರೆಲ್ಲ ನನ್ನಲ್ಲಿ ಕೊಳ್ಳುತ್ತಾರೆ. ಆ ವಾರ ನನಗೆ ಉಸಿರಾಡಲೂ ಪುರಸೊತ್ತಿಲ್ಲ. ನಾಲ್ಕು ಪಂಚಮಿಗಳ ಹಿಂದೆ ಹೀಗೇ ಆರ್ಡರುಗಳ ನಡುವೆ ಮುಳುಗಿದ್ದಾಗ, ನನಗೆ ಗಡಿ ಊರಿನ ಅತಿ ದೊಡ್ಡ ಅನುಕೂಲ ನೆನಪಾಯಿತು. ಅದಕ್ಕೆ ಲಾರಿಯವರು ರಿಟರ್ನ್ ಲೋಡ್ ಎನ್ನುತ್ತಾರೆ. ಗಾಡಿ ಈ ಕಡೆಯಿಂದ ಮಾಲು ಹೊತ್ತು ಹೋಗಬೇಕು, ಆ ಕಡೆಯಿಂದ ಮಾಲು ಹೊತ್ತೇ ಬರಬೇಕು. ಖಾಲಿ ಬಂದರೆ ಡೀಸೆಲ್ಲು ದಂಡ. ನಮ್ಮ ಗಾಡಿ ರೊಟ್ಟಿ ಇಳಿಸಿ ಜೋಳ ತುಂಬಿಕೊಂಡು ಬರುತ್ತಿತ್ತು. ಆ ವಾರ ಮಾತ್ರ ಜೋಳ ಸಿಕ್ಕಿರಲಿಲ್ಲ. ನಾನು ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ನಾಳೆ ನಮ್ಮ ಗಾಡಿ ನಿಮ್ಮೂರಿಗೆ ಬರ್ತೈತಿ. ಹೆಂಗೂ ಖಾಲಿ ವಾಪಸ್ ಬರ್ಬೇಕು. ಅದರಾಗ ಹತ್ತಿ ಬಂದುಬಿಡು."

"ನೀ ಬರಂಗಿಲ್ಲೇನು?"

"ಸೀಜನ್ ಅಕ್ಕಾ. ಡ್ರೈವರ್ ಖಾಜಾ ಬರ್ತಾನ, ಮನಷ್ಯಾ ಭಾಳ ಒಳ್ಳ್ಯಾವ. ಮುಂದ ಸೀಟ್ ಖಾಲಿ ಐತಿ."

"ಗಾಡಿ ಖಾಲಿ ಬರಬಾರ್ದು ಅಂತ ನನ್ನ ಕರೀತೀಯೇನು ಸಣ್ಣಾ?"

"ಹಂಗಲ್ಲ ಅಕ್ಕಾ..."

ಅವಳು, "ಆತು ಬಿಡು. ಖಾಲಿ ಕಳಸಂಗಿಲ್ಲ" ಎಂದಳು. ನಾನು ಫೋನಿಟ್ಟು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಮರುದಿನ ನನ್ನ ಹೆಂಡತಿ ರತ್ನ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಿಂದಿನ ಬೇವಿನಮರಕ್ಕೆ ಜೋಕಾಲಿ ಕಟ್ಟಿಸಿದಳು. ಗಾಡಿಯ ಹಾರ್ನು ಕೇಳಿ ನಾನು ಅಕ್ಕನ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದೇ ಓಡಿದೆ. ಖಾಜಾ ಒಬ್ಬನೇ ಇಳಿದ. ಹಿಂದೆ ಆರು ಚೀಲ ಜೋಳ. ಖಾಜಾ ತಲೆ ತಗ್ಗಿಸಿ, "ಅಕ್ಕಾರು ಹೇಳ್ಯಾರ್ರಿ, ನಿನ್ನ ಗಾಡಿಗೆ ಏನು ಬೇಕಾಗಿತ್ತೋ ಅದನ್ನ ತುಂಬೀನಿ ಅಂತ ಹೇಳು ಅಂದ್ರು" ಎಂದ.

ಇನ್ನು ಮುಂದಿನದನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದ್ದೇನೆ. ಆ ಮಾತು ಕೇಳಿದ ಮೇಲೆ ಮನುಷ್ಯನಾದವನು ಅದೇ ಗಾಡಿ ಹತ್ತಿ ಹೋಗಬೇಕಿತ್ತು. ನಾನು ತಂಬಿಗೆ ಕೆಳಗಿಟ್ಟು, ಚೀಲದ ಬಾಯಿ ಸರಿಸಿ, ನಾಲ್ಕು ಕಾಳು ಹಲ್ಲಿಗೆ ಹಾಕಿ ಕಡಿದು, "ಜೋಳ ಮಸ್ತ್ ಐತಲ್ಲೋ ಖಾಜಾ!" ಎಂದೆ. ಸುಳ್ಳಲ್ಲ, ನಿಜವಾಗಿ ಮಸ್ತ್ ಇತ್ತು. ಹಿಂದೆ ನಿಂತಿದ್ದ ರತ್ನ, "ಇರ್ದೇ ಏನ್ರಿ? ಅದು ಮಾರೋ ಜೋಳ ಅಲ್ಲ. ಅವರು ವರ್ಷಾ ಉಣ್ಣಾಕ ಇಟಗೊಂಡ ಜೋಳ" ಎಂದಳು. ಎಂದು ಒಳಗೆ ಹೋಗಿ, ಹೊರಗೆ ಕೇಳುವ ಹಾಗೆ ಪಾತ್ರೆ ತೊಳೆದಳು. ಆ ಜೋಳವನ್ನಾದರೂ ತಿರುಗಿ ಕಳಿಸಿದೆನೇ? ಆರ್ಡರು ಕುತ್ತಿಗೆಗೆ ಬಂದಿತ್ತು. ಹಿಟ್ಟು ಹಾಕಿಸಿದೆ. ರೊಟ್ಟಿಯಾಗಿ ಅದು ಅದೇ ಗಾಡಿಯಲ್ಲಿ ಗಡಿ ದಾಟಿ ಅಕ್ಕನ ಊರಿನ ಅಂಗಡಿಗೇ ಹೋಯಿತು.

ಮುಂದಿನ ಎರಡು ಪಂಚಮಿಗೆ ನಾನು ಹೋಗಲಿಲ್ಲ. ಮೊದಲ ಸಲ ಅವಳು ಬೈಯುತ್ತಾಳೆಂದು, ಎರಡನೆಯ ಸಲ ಬೈಯದೆ ಸುಮ್ಮನಿದ್ದರೆ ಏನು ಮಾಡಲಿ ಎಂದು. ಫೋನು ಮಾಡಿದರೆ "ಹೂಂ", "ಆರಾಮ ಅದೀವಿ", "ಫೋನ್ ಇಡ್ಲೇನು?" ಇಷ್ಟೇ. ಹಿಂದೆಲ್ಲ ಪಂಚಮಿಗೆ ಬಂದರೆ ಅವಳು ಮೊದಲು ಮನೆಯೊಳಗೆ ಬರುತ್ತಿರಲಿಲ್ಲ, ಕಾರ್ಖಾನೆಗೆ ನುಗ್ಗುತ್ತಿದ್ದಳು. "ಲೇ ಸಣ್ಣಾ, ಈ ಹಂಚು ಯಾವಾಗ ತಿಕ್ಕಿದ್ದಿ?" ಎಂದು ಹದಿನಾಲ್ಕು ಜನರೆದುರು ನನ್ನ ಮರ್ಯಾದೆ ತೆಗೆಯುತ್ತಿದ್ದಳು. ಈಗ ಎಲ್ಲರೂ ನನ್ನನ್ನು ಅಣ್ಣಾರೆ ಎನ್ನುತ್ತಾರೆ, ಸಾವ್ಕಾರ್ರೆ ಎನ್ನುತ್ತಾರೆ. ಸಣ್ಣಾ ಎನ್ನುವವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಾಳೆ, ಅವಳು ನನ್ನ ಗಾಡಿ ದಿನಾ ಹೋಗುವ ಊರಿನಲ್ಲಿದ್ದಾಳೆ. ಖಾಜಾ ಬಂದ ಕೂಡಲೇ ನಾನು ರೊಟ್ಟಿ ಎಷ್ಟು ಹೋಯಿತು ಎಂದು ಕೇಳುತ್ತಿದ್ದೆ. ಅವನು ಲೆಕ್ಕ ಹೇಳಿ, ಆಮೇಲೆ ನಾನು ಕೇಳದಿದ್ದರೂ, "ಅಕ್ಕಾರು ಅಂಗಳದಾಗ ಕುಂತಿದ್ರು" ಎನ್ನುತ್ತಿದ್ದ. ಅದಕ್ಕೇ ನಾನು ಅವನನ್ನು ಆ ಲೈನಿನಿಂದ ಬದಲಾಯಿಸಲೇ ಇಲ್ಲ.

ಹಾಗಿರುವಾಗ ಬಂದದ್ದು ಆ ಸಭೆ. ಭಾಷಣ ಜೋರಾಗಿಯೇ ಆಯಿತು. ರಿಟರ್ನ್ ಲೋಡಿನ ವಿಷಯ ಬಂದಾಗಲಂತೂ ಚಪ್ಪಾಳೆಯೋ ಚಪ್ಪಾಳೆ. ನಾನು ಬೆವರು ಒರೆಸುತ್ತ ಕೆಳಗೆ ಬಂದು ಕೂತೆ. ಪಕ್ಕದಲ್ಲಿ ಕಂಪ್ಲಿಯಲ್ಲಿ ಬೆಲ್ಲದ ಗಾಣ ಇಟ್ಟಿರುವ ಒಬ್ಬ ಹಿರಿಯರು ಕೂತಿದ್ದರು. ನಮ್ಮ ಮನೆಯನ್ನು ಹಿಂದಿನಿಂದ ಬಲ್ಲವರು. "ಭಾಳ ಛಂದ ಮಾತಾಡಿದಿ ತಮ್ಮಾ. ನಿಮ್ಮಕ್ಕ ಆ ಕಡೇನ ಅದಾಳಲ್ಲ, ಪಂಚಮಿ ಹತ್ರ ಬಂತು, ಕರಿಯಾಕ ಯಾವಾಗ ಹೊಂಟಿ?" ಎಂದರು. ಹತ್ತು ನಿಮಿಷಕ್ಕೆ ಹದಿನೆಂಟು ನಿಮಿಷ ಮಾತಾಡಿ ಬಂದಿದ್ದ ನಾನು, ಟೀ ತರುತ್ತೇನೆಂದು ಎದ್ದವನು ಹಾಗೆಯೇ ಮನೆಗೆ ಬಂದೆ. ರತ್ನಳಿಗೆ, "ಉಂಡಿ ಕಟ್ಟು" ಎಂದೆ. ಅವಳು ಕಟ್ಟಿಟ್ಟೇ ಇದ್ದಳು.

ಗಾಡಿ ಬೇಡವೆಂದು ಬಸ್ಸಿನಲ್ಲಿ ಹೋದೆ. ಕೈಯಲ್ಲಿ ಉಂಡಿ, ಕೊಬ್ಬರಿ, ಖಣ, ಜೊತೆಗೆ ರೊಟ್ಟಿ ಹಬ್ಬವಲ್ಲವೇ ಎಂದು ನಮ್ಮ ಕಾರ್ಖಾನೆಯ ಎರಡು ಪ್ಯಾಕೆಟ್ಟು. ಭಾವ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ತಮ್ಮ ತೆಲುಗಿನಲ್ಲಿ, "ಏಂ ಬಾಮರ್ದೀ, ಇಪ್ಪುಡು ದಾರಿ ದೊರಿಕಿಂದಾ?" ಎಂದರು. ಈಗ ದಾರಿ ಸಿಕ್ಕಿತೇನಪ್ಪಾ ಎಂದು. ಅಕ್ಕ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಕೂದಲು ನಾನು ಅಂದುಕೊಂಡದ್ದಕ್ಕಿಂತ ಬೆಳ್ಳಗಾಗಿತ್ತು.

"ಅಕ್ಕಾ, ಕರಿಯಾಕ ಬಂದೀನಿ. ತಪ್ಪಾತು."

"ಕುಂದ್ರು ಮೊದಲ. ಬಿಸಲಾಗ ಬಂದಿ" ಎಂದು ನೀರು ಕೊಟ್ಟಳು. ಉಂಡಿ, ಕೊಬ್ಬರಿ, ಖಣ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ನನ್ನ ಎದೆ ಹಗುರಾಯಿತು. ಆಮೇಲೆ ರೊಟ್ಟಿ ಪ್ಯಾಕೆಟ್ಟು ಕೈಗೆತ್ತಿಕೊಂಡು ತಿರುವಿ ಮುರುವಿ ನೋಡಿದಳು.

"ಇದು ಯಾರ ಕೈಯಾಂದು?"

"ನಮ್ಮದ ಅಕ್ಕಾ."

"ನಮ್ಮದು ಅಂದ್ರ? ರತ್ನನ ಕೈಯಾಂದಾ?"

"ಅಲ್ಲ... ಬಂಡ್ರಿ ಊರಾಕಿ ಹುಲಿಗೆಮ್ಮ ಅಂತ ಕೆಲಸಕ್ಕ ಅದಾಳ, ಆಕಿದಿರಬೇಕು."

"ಹುಲಿಗೆಮ್ಮ ನನಗೇನಾಗಬೇಕೋ? ರೊಟ್ಟಿ ಹಬ್ಬಕ್ಕ ಮನಿ ರೊಟ್ಟಿ ಕೊಡ್ತಾರ. ಇದು ನಮ್ಮೂರ ಅಂಗಡ್ಯಾಗ ಸಿಗ್ತೈತಿ." ಅವಳು ನಗಲಿಲ್ಲ, ಸಿಟ್ಟೂ ಇರಲಿಲ್ಲ. "ಮೂರು ಪಂಚಮಿ ನಾ ಬಾಗಿಲು ನೋಡಿಕೊಂತ ಕುಂತೀನಿ ಸಣ್ಣಾ. ಈ ವರ್ಷ ಬರಂಗಿಲ್ಲ. ಮುಂದಿನ ವರ್ಷ ನಿನ್ನ ಕೈಲೆ ಬಡಿದ ಒಂದ ಒಂದು ರೊಟ್ಟಿ ತಗೊಂಡು ಬಾ. ಹಿಂದ ನೋಡದ ಎದ್ದು ಬರ್ತೀನಿ."

ಭಾವ ಜೋರಾಗಿ ನಕ್ಕು ಅಕ್ಕನಿಗೆ, "ಹಂಗಾದ್ರ ನೀ ಬಂದಂಗ ಐತಿ ಬಿಡು" ಎಂದರು. ಅಕ್ಕ ಉಣ್ಣಲು ಹಾಕಿದಳು. ಅವಳು ಒಳಗೆ ಬಿಸಿರೊಟ್ಟಿ ಬಡಿಯುತ್ತಿದ್ದಳು, ನಾನು ಹೊರಗೆ ಕೂತು ಕೇಳುತ್ತಿದ್ದೆ. ಎರಡು ಪೆಟ್ಟು, ಒಂದು ಚಣ, ಮತ್ತೆರಡು ಪೆಟ್ಟು. ಹೊಟ್ಟೆ ತುಂಬಿದ ಮೇಲೂ ಇನ್ನೊಂದು ಹಾಕು, ಇನ್ನೊಂದು ಹಾಕು ಎನ್ನುತ್ತಲೇ ಇದ್ದೆ.

ಈಗ ದಿನಾ ಬೆಳಿಗ್ಗೆ ಹೆಂಗಸರು ಬರುವುದಕ್ಕೆ ಮುಂಚೆ ನಾನು ಕಾರ್ಖಾನೆಗೆ ಹೋಗಿ ಹಿಟ್ಟು ನಾದುತ್ತೇನೆ. ಎಸರು ಹೆಚ್ಚಾದರೆ ಕೈಗೆ ಮೆತ್ತುತ್ತದೆ, ಕಡಿಮೆಯಾದರೆ ಬಿರುಕು ಬಿಡುತ್ತದೆ. ಎರಡು ಪೆಟ್ಟು ಬೀಳುತ್ತವೆ, ತಿರುಗಿಸುವ ಹೊತ್ತಿಗೆ ಅರ್ಧ ರೊಟ್ಟಿ ಕೈಯಲ್ಲಿ, ಅರ್ಧ ಬಡಿಯುವ ಬಂಡೆಯ ಮೇಲೆ. ಇಷ್ಟು ವರ್ಷ ಊರೂರಿಗೆ ರೊಟ್ಟಿ ಕಳಿಸಿದವನು ಇದನ್ನು ಯಾರಿಗೂ ಹೇಳಿಕೊಳ್ಳಲಾರೆ. ಹುಲಿಗೆಮ್ಮನಿಗೆ ಮಾತ್ರ ಗೊತ್ತಾಗಿದೆ, ಯಾಕೆಂದರೆ ಅವಳು ಬರುವಷ್ಟರಲ್ಲಿ ಒಲೆ ಬಿಸಿಯಿರುತ್ತದೆ, ನನ್ನ ಮೀಸೆ ಬೆಳ್ಳಗಿರುತ್ತದೆ. ಪಂಚಮಿಗೆ ಇನ್ನು ಒಂದು ತಿಂಗಳಿರುವಾಗ, ಮೊನ್ನೆ, ಒಂದು ರೊಟ್ಟಿ ಹರಿಯದೆ ಹಂಚಿನ ಮೇಲೆ ಬಿತ್ತು. ಬೆಂದು ಎದ್ದೂ ಬಂತು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಹುಲಿಗೆಮ್ಮನ ಮುಂದೆ ಹಿಡಿದೆ. ಅವಳು ಬೆಳಕಿಗೆ ಹಿಡಿದಳು, ಅಂಚಿನ ಸುತ್ತ ಬೆರಳಾಡಿಸಿದಳು, ಬಹಳ ಹೊತ್ತು ನೋಡಿದಳು.

"ಅಕ್ಕಾರು ಬರ್ತಾರ ಬಿಡ್ರಿ ಅಣ್ಣಾರೆ" ಎಂದಳು. "ಇಂಥದ್ದನ್ನ ನೋಡಿದ್ರ ಯಾರಿಗಾದ್ರೂ ಕರುಳು ಚುರ್ ಅಂತೈತಿ."

ಎಂದು ಆ ರೊಟ್ಟಿಯನ್ನು ದನಕ್ಕೆ ಹಾಕುವ ಬುಟ್ಟಿಯಲ್ಲಿಟ್ಟು, ತನ್ನ ಕೆಲಸಕ್ಕೆ ಕೂತಳು.